ಎಡಗಡೆಯ ಕಿಟಕಿ

ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದ ಜನ ನಾವು. ಅಲ್ಲಿ ಕಿಟಕಿ ಸಿಕ್ಕರೆ ಸಾಕು, ಎಡವೋ ಬಲವೋ ಯಾರು ಕೇಳ್ತಾರೆ? ವಿಮಾನದಲ್ಲಿ ಹಾಗಲ್ಲ ಮಾರಾಯ್ರೆ. ಕೆಲವು ದಾರಿಗಳಲ್ಲಿ ಒಂದು ಪಕ್ಕದವರು ಮಬ್ಬು ಬಯಲು ನೋಡ್ತಾ ಆಕಳಿಸುವಾಗ, ಇನ್ನೊಂದು ಪಕ್ಕದವರು ಹಿಮಾಲಯ ನೋಡ್ತಿರ್ತಾರೆ!

ಅಮ್ಮನಿಗೆ ಹಿಮಾಲಯ ನೋಡೋ ಆಸೆ ಬಹಳ ಹಳೇದು. ಕೇದಾರಕ್ಕೆ ಹೋಗ್ಬೇಕು ಅಂತಿದ್ದವಳಿಗೆ ಮೊಣಕಾಲು ಕೈಕೊಟ್ಟಿತು. ಡೋಲಿ ಸಿಗುತ್ತಮ್ಮಾ ಅಂದ್ರೆ, "ಇನ್ನೊಬ್ಬರ ಹೆಗಲ ಮೇಲೆ ಕೂತ್ಕೊಂಡು ದೇವ್ರ ಹತ್ರ ಹೋಗ್ಲಾ? ಬೇಡಪ್ಪ" ಅಂದ್ಬಿಟ್ಟಳು. ಆಮೇಲೆ ಆ ಮಾತೇ ಎತ್ತಲಿಲ್ಲ. ಅವಳು ಸುಮ್ಮನಾಗಿದ್ದೇ ನನಗೆ ಚುಚ್ತಾ ಇತ್ತು.

ಹೋದ ನವೆಂಬರಿನಲ್ಲಿ ಸಿಲಿಗುರಿಯಲ್ಲಿರೋ ಅಕ್ಕನ ಮನೆಗೆ ಅಮ್ಮನನ್ನ ಕರ್ಕೊಂಡು ಹೋಗೋದಿತ್ತು. ಬೆಂಗಳೂರಿಂದ ನೇರ ವಿಮಾನ ಬಿಟ್ಟು, ಬೇಕಂತಲೇ ದೆಹಲಿ ಸುತ್ತಿ ಬಾಗ್ಡೋಗ್ರಾಕ್ಕೆ ಹೋಗೋ ಟಿಕೆಟ್ ತಗೊಂಡೆ.

ಲೆಕ್ಕ ಸುಲಭ. ದೆಹಲಿ ಸುಮಾರು ೨೮.೬ ಡಿಗ್ರಿ ಅಕ್ಷಾಂಶದಲ್ಲಿದೆ, ಬಾಗ್ಡೋಗ್ರಾ ೨೬.೭. ಅಂದ್ರೆ ವಿಮಾನ ಪೂರ್ವಕ್ಕೆ, ಸ್ವಲ್ಪ ದಕ್ಷಿಣಕ್ಕೆ ವಾಲಿ ಹೋಗುತ್ತೆ. ಹಿಮಾಲಯ ಉತ್ತರಕ್ಕೆ, ಹಾಗಾಗಿ ಎಡಗಡೆ. ಮೂರು-ಮೂರು ಸೀಟಿನ ವಿಮಾನದಲ್ಲಿ 'ಎ' ಎಡಗಿಟಕಿ, 'ಎಫ್' ಬಲಗಿಟಕಿ. ಆ ತಿಂಗಳಲ್ಲಿ ಸೂರ್ಯ ದಿನವಿಡೀ ದಕ್ಷಿಣದ ಕಡೆ, ಅಂದ್ರೆ ನಮ್ಮ ಬಲಕ್ಕೇ ಇರ್ತಾನೆ. ಎಡಗಿಟಕಿಗೆ ಕಣ್ಣು ಕುಕ್ಕೋ ಬಿಸಿಲಿಲ್ಲ. ಬಿಸಿಲೆಲ್ಲ ಎದುರಿನ ಹಿಮದ ಮೇಲೆ. ಮಳೆಗಾಲ ಮುಗಿದು ಗಾಳಿ ತೊಳೆದಿಟ್ಟ ಹಾಗಿರೋ ಕಾಲ ಬೇರೆ.

ಇನ್ನು ರೆಕ್ಕೆ. ನಡುವಿನ ಸಾಲುಗಳಲ್ಲಿ ಕೂತ್ರೆ ಬರೀ ತಗಡು ಕಾಣುತ್ತೆ. ರೆಕ್ಕೆಯ ಹಿಂದೆ ಎಂಜಿನ್ನಿನ ಬಿಸಿಗಾಳಿಗೆ ನೋಟ ಬಿಸಿಲ್ಗುದುರೆ ಥರ ನಡುಗುತ್ತೆ. ಅದಕ್ಕೇ ರೆಕ್ಕೆಗಿಂತ ಮುಂದಿನ ೬ಎ ಹಿಡಿದೆ. ಸೀಟು ಆರಿಸೋಕೆ ದುಡ್ಡು ಕೊಟ್ಟಿದ್ದನ್ನ ಮಾತ್ರ ಅಮ್ಮನಿಗೆ ಹೇಳಲಿಲ್ಲ :)

ವಿಮಾನ ಏರಿ ಅರ್ಧ ಗಂಟೆಯಾದರೂ ಏನೂ ಇಲ್ಲ. ಅಮ್ಮ ಕೊಟ್ಟ ಕಾಫಿಗೆ ಸಕ್ಕರೆ ಸಾಲದು ಅಂತಿದ್ದಳು. ನನಗೋ ಒಳಗೊಳಗೇ ಪುಕಪುಕ. ಆಮೇಲೆ ದಿಗಂತದ ಮಬ್ಬಿನ ಮೇಲೆ ಬಿಳೀ ಗೆರೆಯೊಂದು ಎದ್ದಿತು.

"ಮೋಡ ಅಲ್ವೇನೋ ಅದು?"

"ನೋಡ್ತಾ ಇರು."

ನೋಡಿದಳು. ಹತ್ತಿರದ ಮೋಡಗಳು ಹಿಂದಕ್ಕೆ ಸರೀತಿದ್ವು, ಆ ಗೆರೆ ಮಾತ್ರ ಕದಲಲಿಲ್ಲ. ಅಮ್ಮನ ಕೈ ತಾನಾಗೇ ಎದೆ ಹತ್ರ ಬಂದು ಜೋಡಿಸಿಕೊಂಡಿತು. ಧವಳಗಿರಿ, ಅನ್ನಪೂರ್ಣ, ಎವರೆಸ್ಟ್ ಅಂತ ನಾನು ಒಂದೊಂದೇ ಹೆಸರು ಹೇಳ್ತಾ ಹೋದೆ. ಇಳಿಯೋ ಹೊತ್ತಿಗೆ ೮,೫೮೬ ಮೀಟರಿನ ಕಾಂಚನಜುಂಗಾ ನೂರು ಕಿಲೋಮೀಟರಿಗೂ ಆಚೆ ನಿಂತು, ಪಕ್ಕದ ಮನೆಯಷ್ಟು ಹತ್ತಿರ ಕಂಡಿತು.

"ಇದ್ರಲ್ಲಿ ಕೇದಾರ ಯಾವ್ದೋ?"

ಸುಳ್ಳು ಹೇಳಬಹುದಿತ್ತು. ಮನಸ್ಸು ಬರಲಿಲ್ಲ. "ಅದು ಹಿಂದೆ, ಪಶ್ಚಿಮಕ್ಕೆ ಉಳೀತಮ್ಮಾ."

"ಇರ್ಲಿ ಬಿಡು. ಇವೂ ಅವನ ಮನೆಯವೇ" ಅಂದು ಮತ್ತೆ ಗಾಜಿಗೆ ಹಣೆ ಒತ್ತಿದಳು.

ವಾಪಸ್ ಬರೋವಾಗ ಸೀಟಿನ ವಿಷಯ ನಾನು ಎತ್ತೋ ಮೊದಲೇ ಅಕ್ಕನ ಮನೆಯ ಅಡುಗೆಮನೆಯಿಂದ ದನಿ ಬಂತು: "ಈ ಸಲ ಬೆಟ್ಟ ಬಲಗಡೆ ಅಲ್ವೇನೋ? ನೋಡ್ಕೊಂಡು ಹಿಡಿ!"