ಹೆಸರು ಮರೆತ ಹತಾರ

ಹಳೆಯ ಮನೆಯ ಅಟ್ಟದಲ್ಲಿ ದೊರೆಯುವ ವಸ್ತುಗಳಿಗೆ ಎರಡೇ ಗತಿ. ಹೆಸರು ಗೊತ್ತಿದ್ದರೆ ಅವು ಉಳಿಯುತ್ತವೆ; ಗೊತ್ತಿಲ್ಲದಿದ್ದರೆ ಒಲೆಗೋ ಗುಜರಿಗೋ ಸೇರುತ್ತವೆ.

ನಮ್ಮ ಹಿರಿಯರ ಮನೆಯನ್ನು ದುರಸ್ತಿಗೆಂದು ಬಿಚ್ಚಿದಾಗ ಅಜ್ಜನವರ ಮರದ ಪೆಟ್ಟಿಗೆ ದೊರೆಯಿತು. ಅವರು ಬೇಸಾಯದೊಡನೆ ಮರಗೆಲಸವನ್ನೂ ಬಲ್ಲವರಾಗಿದ್ದರು. ಪೆಟ್ಟಿಗೆಯಲ್ಲಿದ್ದ ಉಳಿ, ಬಾಚಿ, ಗರಗಸಗಳನ್ನು ಎಲ್ಲರೂ ಗುರುತಿಸಿದರು. ಒಂದು ವಸ್ತು ಮಾತ್ರ ಒಗಟಾಯಿತು. ಗೇಣುದ್ದದ ದುಂಡನೆಯ ಮರದ ಕದಿರು. ಕೆಳತುದಿಯಲ್ಲಿ ಕಬ್ಬಿಣದ ಸಣ್ಣ ಅಲಗು. ಮೇಲ್ತುದಿಯಲ್ಲಿ ಸಡಿಲವಾಗಿ ತಿರುಗುವ ಮರದ ಟೊಪ್ಪಿಗೆ. ಕಡೆಗೋಲಿನ ತುಂಡೆಂದು ಒಬ್ಬರು, ಮಕ್ಕಳ ಆಟಿಕೆಯೆಂದು ಇನ್ನೊಬ್ಬರು ಹೇಳಿದರು. ಒಲೆಗೆ ಹಾಕುವ ಮಾತೂ ಬಂದಿತು.

ಉತ್ತರವು ಆ ವಸ್ತುವಿನ ಮೈಮೇಲೆಯೇ ಇತ್ತು. ಕದಿರಿನ ನಡುಭಾಗವು ಹುರಿ ಸುತ್ತಿ ಸುತ್ತಿ ಸವೆದಿತ್ತು. ಈಟಿಯ ಮೊನೆಯಂತೆ ಚಪ್ಪಟೆಯಾಗಿದ್ದ ಅಲಗಿನ ಎರಡು ಅಂಚುಗಳೂ ಹರಿತವಾಗಿದ್ದವು. ಊರಿನ ವಯೋವೃದ್ಧ ಬಡಗಿಯೊಬ್ಬರು ಇವನ್ನು ಬೆರಳಿನಿಂದ ಸವರಿ ನೋಡಿ, "ಇದು ಬೈರಿಗಿ. ಇದರ ಬಿಲ್ಲು ಎಲ್ಲೈತ್ರೀ?" ಎಂದು ಕೇಳಿದರು. ಬಿದಿರಿನ ಕೋಲಿಗೆ ಹುರಿ ಕಟ್ಟಿ, ಅದನ್ನು ಕದಿರಿಗೆ ಒಂದು ಸುತ್ತು ಹಾಕಿ, ಟೊಪ್ಪಿಗೆಯನ್ನು ಎಡಗೈಯಿಂದ ಅದುಮಿ, ಬಲಗೈಯಿಂದ ಬಿಲ್ಲನ್ನು ಎಳೆದಾಡಿದರು. ಹಲಗೆಯಲ್ಲಿ ದುಂಡನೆಯ ರಂಧ್ರ ಬಿದ್ದಿತು. ಬಿಲ್ಲು ಹಿಂದೆ ಮುಂದೆ ಸಾಗಿದಂತೆ ಕದಿರು ಎರಡು ದಿಕ್ಕಿಗೂ ತಿರುಗುತ್ತದೆ. ಆದುದರಿಂದಲೇ ಎರಡು ಕಡೆಯೂ ಕೆರೆಯುವ ಅಲಗು. ಟೊಪ್ಪಿಗೆ ಸಡಿಲವಾಗಿರುವುದರಿಂದ ಅಂಗೈಗೆ ಉಜ್ಜಿನ ಬಿಸಿ ತಟ್ಟುವುದಿಲ್ಲ.

ಈ ವಿದ್ಯೆ ಅತಿ ಪ್ರಾಚೀನವಾದುದು. ಸುಮಾರು 3,400 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಮಂತ್ರಿಯಾಗಿದ್ದ ರೆಖ್‌ಮಿರೆಯ ಸಮಾಧಿಯ ಭಿತ್ತಿಚಿತ್ರದಲ್ಲಿ, ಬಡಗಿಯು ಇಂತಹುದೇ ಬಿಲ್ಲು ಬೈರಿಗೆಯಿಂದ ರಂಧ್ರ ಕೊರೆಯುತ್ತಿರುವುದನ್ನು ಕಾಣಬಹುದು.

ಆ ವೃದ್ಧರ ಮಗನ ಕೈಯಲ್ಲಿ ಇಂದು ವಿದ್ಯುತ್ ಯಂತ್ರವಿದೆ. ಕೆಲಸ ಬೇಗ ಸಾಗುತ್ತದೆ, ದುಡಿಯುವ ತೋಳಿಗೂ ವಿಶ್ರಾಂತಿ; ಅದು ಸಂತೋಷದ ಸಂಗತಿಯೇ. ಆದರೆ ಬೈರಿಗೆಯನ್ನು ಕಂಡೊಡನೆ ಬಿಲ್ಲನ್ನು ಕೇಳಬಲ್ಲವರು ನಮ್ಮ ಊರಿನಲ್ಲಿ ಅವರೊಬ್ಬರೇ ಉಳಿದಿದ್ದರು. ಅವರ ಕಾಲಾನಂತರ ಪೆಟ್ಟಿಗೆ ತೆರೆದಿದ್ದರೆ ಅಜ್ಜನವರ ದುಡಿಮೆಯ ಗುರುತೊಂದು ಬೂದಿಯಾಗುತ್ತಿತ್ತು.

ನಿಮ್ಮ ಮನೆಯಲ್ಲಿಯೂ ಇಂತಹ ವಸ್ತು ದೊರೆತರೆ, ಅದನ್ನು ಉಜ್ಜಿ ಬಣ್ಣ ಬಳಿಯಲು ಅವಸರಿಸಬೇಡಿರಿ. ಸವೆದ ಗುರುತೇ ಅದರ ಪರಿಚಯಪತ್ರ. ಊರಿನ ಹಿರಿಯ ಕುಶಲಕರ್ಮಿಗಳಿಗೆ ತೋರಿಸಿರಿ. ವಸ್ತುವಿನ ಹೆಸರು, ಉಪಯೋಗ, ಬಳಸಿದವರ ಹೆಸರು ಇಷ್ಟನ್ನು ಚೀಟಿಯಲ್ಲಿ ಬರೆದು ಅದಕ್ಕೇ ಕಟ್ಟಿಡಿರಿ. ಮಕ್ಕಳ ಕೈಯಿಂದಲೇ ಬರೆಸಿದರೆ ಇನ್ನೂ ಲೇಸು.