ಬೂದಿ ಮುಚ್ಚಿದ ಕೆಂಡ

ಅವ್ವನ ತಲೆಯಲ್ಲಿ ಗಡ್ಡೆಯಿದೆ ಎಂದು ಗೊತ್ತಾದ ಮೇಲೆ ಅಕ್ಕ ಮತ್ತು ನಾನು ಅವಳನ್ನು ಕರೆದುಕೊಂಡು ಯಾದಗಿರಿಯಲ್ಲಿ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸಿಗೆ ಹೊರಟೆವು. ರಾಯಚೂರು ದಾಟಿದರೂ ಅವ್ವ ಮಲಗಿರಲಿಲ್ಲ.

"ತಲಿ ಕೊಯ್ಯೂದಕ್ಕ ಹೆದರಿಕಿಲ್ಲವ್ವಾ. ಆ ನಿದ್ದಿಗೇ ಹೆದರಿಕಿ. ಎದ್ದ ಮ್ಯಾಲ ನಿಮ್ಮ ಗುರ್ತ ಸಿಗಲಿಲ್ಲಂದರ?"

ನನ್ನ ಬಳಿ ಉತ್ತರವಿರಲಿಲ್ಲ. ಗ್ಯಾಸು ಕೊಟ್ಟರೆ ನೆನಪು ಹೋಗುತ್ತದೆಂದು ಓಣಿಯವರೆಲ್ಲ ಹೇಳಿ ಕಳಿಸಿದ್ದರು.

ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆಯ ಡಾಕ್ಟರಮ್ಮ ಬಂದರು. ಅವ್ವ ಅವರನ್ನೂ ಅದನ್ನೇ ಕೇಳಿದಳು. ಅವರು ಮಂಚದ ಬದಿಗೆ ಕುಳಿತು ಬಿಡಿಸಿ ಹೇಳಿದರು. ಮಿದುಳಿನ ತೂಕ ಮೈತೂಕದಲ್ಲಿ ನೂರಕ್ಕೆ 2 ಪಾಲು. ಆದರೆ ಮೈಗೆ ಬೇಕಾದ ಆಮ್ಲಜನಕದಲ್ಲಿ ನೂರಕ್ಕೆ 20 ಪಾಲು ಅದಕ್ಕೇ ಬೇಕು. ರಕ್ತ ಕೆಲವೇ ನಿಮಿಷ ನಿಂತರೂ ಅದು ತಾಳದು. ಐಸೋಫ್ಲುರೇನ್, ಸೆವೋಫ್ಲುರೇನ್ ಎಂಬ ಔಷಧಿಗಳ ಆವಿಯನ್ನು ಆಮ್ಲಜನಕದಲ್ಲಿ ಬೆರೆಸಿ ಕೊಟ್ಟಾಗ ಮಿದುಳಿನ ಕೆಲಸ ತಗ್ಗುತ್ತದೆ, ಅದರೊಂದಿಗೆ ಹಸಿವೂ ತಗ್ಗುತ್ತದೆ. ಆದರೆ ಆವಿ ಹೆಚ್ಚಾದರೆ ರಕ್ತನಾಳಗಳು ಹಿಗ್ಗಿ ಬುರುಡೆಯೊಳಗೆ ಒತ್ತಡ ಏರುತ್ತದೆ. ಆದ್ದರಿಂದ ಅಳತೆ ತಪ್ಪಬಾರದು.

"ಹಂಗಾದ್ರ ಮಿದುಳಿಗೆ ಏನೂ ಆಗೂದಿಲ್ಲೇನ್ರಿ?"

"ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಈ ರಕ್ಷಣೆ ಚೆನ್ನಾಗಿ ಕಂಡಿದೆ, ಅಮ್ಮಾ. ಮನುಷ್ಯರಲ್ಲಿ ಅಷ್ಟು ಖಚಿತವಾಗಿ ಸಾಬೀತಾಗಿಲ್ಲ. ಅದಕ್ಕೇ ಆವಿಯನ್ನಷ್ಟೇ ನಂಬುವುದಿಲ್ಲ. ನಿಮ್ಮ ಉಸಿರು, ರಕ್ತದೊತ್ತಡ ನೋಡುತ್ತ ಕೊನೆಯವರೆಗೂ ಪಕ್ಕದಲ್ಲೇ ಇರುತ್ತೇನೆ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ರಾತ್ರಿ ಒಲಿ ಕೆಂಡಕ್ಕ ಬೂದಿ ಮುಚ್ಚತಿದ್ವಲ್ಲ, ಹಂಗನ್ರಿ. ಉರೀಬಾರದು, ಆರಲೂಬಾರದು."

ಡಾಕ್ಟರಮ್ಮ ನಕ್ಕು ಅವಳ ಕೈ ಹಿಡಿದರು. ಆ ರಾತ್ರಿ ಅವ್ವ ಮಲಗಿದಳು. ನಮಗೇ ನಿದ್ದೆ ಬರಲಿಲ್ಲ. ಖಾತ್ರಿ ಕೊಡದ ಮಾತಿನಿಂದ ಅವಳಿಗೆ ಧೈರ್ಯ ಬಂದದ್ದು ಹೇಗೆಂದು ನಾನು ಯೋಚಿಸುತ್ತಲೇ ಇದ್ದೆ. ಪಕ್ಕದಲ್ಲಿ ಕುಳಿತು ಕಾಯುವವರಿದ್ದಾರೆ ಎಂಬುದೇ ಅವಳಿಗೆ ಸಾಕಾಗಿತ್ತೇನೋ.

ಮರುದಿನ ಇಡೀ ಹಗಲು ಹೊರಗಿನ ಬೆಂಚಿನ ಮೇಲೆ ಕಳೆಯಿತು. ನನ್ನ ಕಣ್ಣ ಮುಂದೆ ನಮ್ಮ ಹಳೆಯ ಅಡಿಗೆಮನೆ. ನಸುಕಿನಲ್ಲಿ ಅವ್ವ ಬೂದಿ ಸರಿಸಿ, ಊದುಗೊಳವಿಯಿಂದ ಮೆಲ್ಲಗೆ ಊದುವಳು. ಒಂದು ಮೂಲೆಯಲ್ಲಿ ಕೆಂಪು ಕಾಣುವುದು.

ಸಂಜೆ ಒಳಗೆ ಬಿಟ್ಟರು. ಅವ್ವ ಕಣ್ಣು ತೆರೆದು ನನ್ನನ್ನೇ ನೋಡಿ ಅಕ್ಕನ ಹೆಸರು ಹಿಡಿದು ಕರೆದಳು. ನನ್ನ ಎದೆ ಝಲ್ಲೆಂದಿತು.

ಹಿಂದೆ ನಿಂತಿದ್ದ ಅಕ್ಕ ಅಳುತ್ತಲೇ ನಕ್ಕಳು. "ಹುಚ್ಚಿ, ಹುಟ್ಟಿದಾಗಿಂದ ನಿನ್ನ ಹಂಗ ಕರೀತಾಳಲ್ಲ!"