ಗಾಜಿನ ತೊಟ್ಟಿಯ ಅತಿಥಿ

ನಿವೃತ್ತನಾದ ಮೇಲೆ ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯೊಂದನ್ನಿರಿಸಿ ಗಪ್ಪಿ ಮೀನುಗಳನ್ನು ಸಾಕತೊಡಗಿದೆ. ಅವುಗಳಲ್ಲೊಂದು 18 ಮರಿಗಳನ್ನು ಹಾಕಿತು. ದಿನವೂ ಅವನ್ನು ಎಣಿಸುವ ಕೆಲಸ ಮೊಮ್ಮಗಳದು. ವಾರ ಕಳೆಯುವುದರೊಳಗೆ ಲೆಕ್ಕ 9ಕ್ಕೆ ಇಳಿಯಿತು. ಗಪ್ಪಿಗಳು ತಾವು ಹಡೆದ ಮರಿಗಳನ್ನೇ ನುಂಗುವುದುಂಟು. ಆದರೆ ದೊಡ್ಡ ಮೀನುಗಳನ್ನೆಲ್ಲ ಮೊದಲೇ ಬೇರ್ಪಡಿಸಿದ್ದೆವು. ನೀರು ಬದಲಿಸುವಾಗ ಮೊಮ್ಮಗಳೇ ಚೆಲ್ಲಿರಬೇಕೆಂದು ಗದರಿದೆ. ಅವಳು ಮರುಮಾತಾಡಲಿಲ್ಲ.

ಅಂದು ರಾತ್ರಿ ನಿದ್ದೆ ಬಾರದೆ ಎದ್ದು, ಟಾರ್ಚು ಹಿಡಿದು ನೋಡಿದೆ. ಕೆರೆಯಿಂದ ತಂದು ಹಾಕಿದ್ದ ನೀರುಗಿಡದ ಬುಡದಲ್ಲಿ ಕೆಸರುಬಣ್ಣದ, ಆರು ಕಾಲುಗಳ ಹುಳುವೊಂದು ಕದಲದೆ ಕುಳಿತಿತ್ತು. ಮರಿಮೀನೊಂದು ಹತ್ತಿರ ಸುಳಿದದ್ದೇ ತಡ, ಹುಳುವಿನ ಮುಖದಡಿಯಲ್ಲಿ ಮಡಿಸಿಕೊಂಡಿದ್ದ ಕೆಳತುಟಿಯು ತೋಳಿನಂತೆ ಮುಂದಕ್ಕೆ ಚಿಮ್ಮಿ ಅದನ್ನು ಹಿಡಿದೆಳೆದುಕೊಂಡಿತು. ಅದು ಏರೋಪ್ಲೇನ್ ಚಿಟ್ಟೆಯ ಮರಿ! ಬಾಲ್ಯದಲ್ಲಿ ನಾವು ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಿದ್ದ (ನೆನೆದರೆ ಈಗ ನಾಚಿಕೆಯಾಗುತ್ತದೆ) ಆ ಜೀವಿ, ರೆಕ್ಕೆ ಬಲಿಯುವವರೆಗೆ ನೀರಿನಲ್ಲಿಯೇ ಬಾಳುತ್ತದೆ. ಹಿಂಬದಿಯಿಂದ ನೀರನ್ನೆಳೆದುಕೊಂಡು ಉಸಿರಾಡುತ್ತದೆ. ಅದೇ ನೀರನ್ನು ರಭಸದಿಂದ ಹೊರದೂಡಿ ಮುನ್ನುಗ್ಗುತ್ತದೆ.

ಬೆಳಗ್ಗೆ ಮೊಮ್ಮಗಳನ್ನು ಕರೆದು ತೋರಿಸಿ, "ತಪ್ಪು ನನ್ನದಮ್ಮ" ಎಂದೆ. ಹುಳುವನ್ನು ಹೊರಗೆಸೆಯಲು ಹೊರಟ ನನ್ನನ್ನು ಅವಳೇ ತಡೆದಳು.

"ಅದಕ್ಕೂ ಹಸಿವಾಗಿತ್ತಲ್ಲವೇ, ತಾತ? ಬೇರೆ ಇಡೋಣ."

ಹಳೆಯ ಬೋಗುಣಿಯಲ್ಲಿ ನೀರು ತುಂಬಿ, ಕಡ್ಡಿಯೊಂದನ್ನು ನಿಲ್ಲಿಸಿ, ಸೊಳ್ಳೆಮರಿಗಳನ್ನು ಹಿಡಿದು ತಂದು ಉಣಿಸಿದೆವು. ಮೂರು ವಾರಗಳ ಬಳಿಕ ಒಂದು ಮುಂಜಾನೆ ನೋಡಿದರೆ, ಕಡ್ಡಿಯ ತುದಿಯಲ್ಲಿ ಬೆನ್ನು ಸೀಳಿದ ಬರಿಯ ಪೊರೆ ಅಂಟಿಕೊಂಡಿತ್ತು. ಮೊಮ್ಮಗಳು ಅದನ್ನು ಬೆಂಕಿಪೆಟ್ಟಿಗೆಯಲ್ಲಿಟ್ಟು ಶಾಲೆಗೆ ಒಯ್ದಳು.